ಖೈಬರ್: ದಂಡಿನ ದಾರಿ, ಸರಕಿನ ದಾರಿ



ಖೈಬರ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ಇತಿಹಾಸದ ಪಾಠ. ವಾಯವ್ಯದ ಕಣಿವೆಗಳ ಮೂಲಕ ಭಾರತದ ಮೇಲೆ ದಾಳಿಗಳು ನಡೆದವು ಎಂಬ ಒಂದು ಮಾತು, ಅದರ ಹಿಂದೆಯೇ ಒಂದಷ್ಟು ಹೆಸರು, ಒಂದಷ್ಟು ಇಸವಿ. ಆ ಪಾಠ ಓದಿ ಮುಗಿಸಿದವರ ಮನಸ್ಸಿನಲ್ಲಿ ಖೈಬರ್ ಕಣಿವೆ ಎಂದರೆ ಯಾರೂ ಇಲ್ಲದ ಒಂದು ತೆರೆದ ಬಾಗಿಲು. ಬೇಕಾದವರು ಬೇಕಾದಾಗ ಒಳಗೆ ನುಗ್ಗಿದರು, ಅಷ್ಟೆ. ಈ ಚಿತ್ರ ತಿದ್ದಬೇಕಾದದ್ದು. ಆ ದಾರಿಯ ಎರಡೂ ಬದಿಯಲ್ಲಿ ತಲೆತಲಾಂತರದಿಂದ ಜನ ಬದುಕಿದ್ದಾರೆ. ದಾರಿ ತಮ್ಮದು, ದಾಟುವವರು ತಮಗೆ ಸುಂಕ ಕೊಡಬೇಕು ಎಂದು ಅವರು ತಿಳಿದಿದ್ದರು. ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸದೆ ಆ ಕಣಿವೆಯನ್ನು ಬಹುಕಾಲ ಕೈಯಲ್ಲಿಟ್ಟುಕೊಂಡ ದೊರೆ ಇತಿಹಾಸದಲ್ಲಿ ನನಗೆ ಕಾಣುವುದಿಲ್ಲ. ಇನ್ನೊಂದು ಮಾತು: ದಂಡು ಬಂದದ್ದು ಯಾವಾಗಲೋ ಒಮ್ಮೊಮ್ಮೆ. ಒಂಟೆ, ಕತ್ತೆ, ಹೇರೆತ್ತುಗಳ ಮೇಲೆ ಸರಕು ಬಂದದ್ದು ವರ್ಷವರ್ಷವೂ.

ಮೊದಲು ಜಾಗ ಹೇಗಿದೆ ನೋಡೋಣ. ಪೇಶಾವರದಿಂದ ಪಶ್ಚಿಮಕ್ಕೆ ಬಯಲಿನಲ್ಲಿ ಸುಮಾರು 15 ಕಿಲೋಮೀಟರ್ ಹೋದರೆ ಜಮ್ರೂದ್. ಅಲ್ಲಿಂದ ಬೆಟ್ಟ ಶುರು. ಬೋಳು ಗುಡ್ಡಗಳ ನಡುವೆ ದಾರಿ ಸುತ್ತುತ್ತ ಏರಿ ಅಲಿ ಮಸ್ಜಿದ್ ಎಂಬ ಇಕ್ಕಟ್ಟಿಗೆ ಬರುತ್ತದೆ. ಎರಡು ಕಡೆಯ ಬಂಡೆಗೋಡೆಗಳು ಅಲ್ಲಿ ಒತ್ತಿಕೊಂಡು ಬಂದು, ನಡುವೆ ಒಂದು ಹಳ್ಳಕ್ಕೂ ಒಂದು ದಾರಿಗೂ ಆಗುವಷ್ಟು ಮಾತ್ರ ಜಾಗ ಬಿಟ್ಟಿವೆ. ಅದನ್ನು ದಾಟಿದರೆ ಕಣಿವೆ ಅಗಲವಾಗುತ್ತದೆ, ಹೊಲಗಳು, ಊರುಗಳು ಕಾಣುತ್ತವೆ. ಲಂಡಿ ಕೋತಲ್‌ನಲ್ಲಿ ದಾರಿ ನೆತ್ತಿ ಮುಟ್ಟುತ್ತದೆ; ಸಮುದ್ರಮಟ್ಟದಿಂದ ಸುಮಾರು 1,070 ಮೀಟರ್ ಎತ್ತರ. ಅಲ್ಲಿಂದ ಕಡಿದಾದ ಇಳಿಜಾರು, ಕೆಳಗೆ ತೋರ್ಖಮ್, ಅಲ್ಲಿಂದಾಚೆ ಅಫ್ಘಾನಿಸ್ತಾನ.

ದಾರಿ ಇಲ್ಲೇ ಯಾಕೆ ಆಯಿತು? ಉತ್ತರ ಕಾಬೂಲ್ ನದಿಯಲ್ಲಿದೆ. ಕಾಬೂಲಿನ ಕಡೆಯಿಂದ ಹರಿದು ಬರುವ ಆ ನದಿ ಜಲಾಲಾಬಾದಿನ ಬಯಲು ದಾಟಿದ ಮೇಲೆ ಆಳವಾದ ಕಮರಿಗಳಲ್ಲಿ ಇಳಿದು ಪೇಶಾವರದ ಬಯಲು ಸೇರುತ್ತದೆ. ನದಿಯ ಜೊತೆಗೇ ನಡೆಯೋಣವೆಂದರೆ ಹೇರು ಹೊತ್ತ ಒಂಟೆಗೆ ಆ ಕಮರಿಯಲ್ಲಿ ಕಾಲಿಡಲು ಜಾಗವಿಲ್ಲ. ದಕ್ಷಿಣಕ್ಕೆ ತಿರುಗಿದರೆ ಸಫೇದ್ ಕೋಹ್ ಪರ್ವತ, 4,700 ಮೀಟರ್ ದಾಟುವ ಶಿಖರಗಳು. ಇವೆರಡರ ನಡುವೆ ಉಳಿದ ತಗ್ಗು ಬೆಟ್ಟಗಳ ಸಂದೇ ಖೈಬರ್. ನದಿಯ ಜೊತೆ ಬಿಟ್ಟು ಒಣಬೆಟ್ಟ ಹತ್ತಬೇಕು ನಿಜ, ಆದರೆ ಎತ್ತರ ಕಡಿಮೆ. ಹಿಮ ಬಿದ್ದು ತಿಂಗಳುಗಟ್ಟಲೆ ಮುಚ್ಚಿಹೋಗುವ ದಾರಿಯಲ್ಲ. ವ್ಯಾಪಾರಿಗೆ ಬೇಕಾದದ್ದು ಇದೇ. ಕಷ್ಟವಾದರೂ ಅಡ್ಡಿಯಿಲ್ಲ, ನಂಬಿಕೆಗೆ ತಕ್ಕ ದಾರಿಯಾಗಿರಬೇಕು.

ಇನ್ನು ಆ ದಾಳಿಗಳ ಪಟ್ಟಿ. ಎಲ್ಲರೂ ಖೈಬರ್ ಮೂಲಕವೇ ಬಂದರು ಎಂಬುದು ಸರಿಯಲ್ಲ. ಕ್ರಿಸ್ತಪೂರ್ವ 327ರಲ್ಲಿ ಅಲೆಕ್ಸಾಂಡರ್ ತನ್ನ ಸೈನ್ಯವನ್ನು ಎರಡು ಭಾಗ ಮಾಡಿದ. ಹೆಫೆಸ್ಟಿಯನ್ ಮತ್ತು ಪರ್ಡಿಕಸ್ ಎಂಬ ಸೇನಾನಿಗಳ ಕೈಯಲ್ಲಿ ಒಂದು ಭಾಗವನ್ನು ಖೈಬರ್ ಕಡೆಯ ದಾರಿಯಿಂದ ಪೇಶಾವರದ ಬಯಲಿನ ಪುಷ್ಕಲಾವತಿ ನಗರಕ್ಕೆ ಕಳಿಸಿ, ತಾನು ಉತ್ತರದ ಕುನಾರ್, ಸ್ವಾತ್ ಕಣಿವೆಗಳ ಕಡೆ ಹೋದ. ಮಹಮ್ಮದ್ ಘೋರಿ ಹೆಚ್ಚಾಗಿ ಬಳಸಿದ್ದು ದಕ್ಷಿಣದ ಗೋಮಲ್ ಕಣಿವೆಯನ್ನು. 1398ರಲ್ಲಿ ತೈಮೂರ್ ಬಂದದ್ದೂ ಬೇರೆ ದಾರಿ. 1738ರಲ್ಲಿ ನಾದಿರ್ ಷಾ ಬಂದಾಗ ಮೊಘಲರ ಕಾಬೂಲ್ ಸುಬೇದಾರ ನಾಸಿರ್ ಖಾನ್ ಖೈಬರಿಗೆ ಅಡ್ಡಗಟ್ಟಿ ಕುಳಿತಿದ್ದ. ನಾದಿರ್ ಷಾ ಪಕ್ಕದ ಬೆಟ್ಟಗಳ ಒಳದಾರಿ ಹಿಡಿದು ರಾತ್ರೋರಾತ್ರಿ ಸುತ್ತಿ ಬಂದು ಆತನ ಬೆನ್ನ ಮೇಲೇ ಬಿದ್ದ. ಆ ಒಳದಾರಿಗಳು ತಿಳಿದಿದ್ದುದು ಅಲ್ಲಿನವರಿಗೆ ಮಾತ್ರ. ಕಣಿವೆಯ ಬಾಯಿಯಲ್ಲಿ ಕೋಟೆ ಕಟ್ಟಿ ಕೂತವನಿಗೆ ಕಣಿವೆ ವಶವಾಗಿದೆ ಎಂದು ಹೇಳಲಾಗದು, ಅದಕ್ಕೆ ಈ ಒಂದು ಪ್ರಸಂಗ ಸಾಕು.

ಹಾಗಾದರೆ ಈ ದಾರಿಯನ್ನು ಸವೆಸಿದ್ದು ಯಾರು? ಇದಕ್ಕೆ ಒಳ್ಳೆಯ ಸಾಕ್ಷಿ ಬಾಬರನೇ ಬರೆದಿಟ್ಟ ಆತ್ಮಕಥೆ. ಬಾಬರ್ 1505ರಲ್ಲೇ ಖೈಬರ್ ದಾಟಿ ಪೇಶಾವರದ ಕಡೆಗೆ ಬಂದಿದ್ದ, ಪಾಣಿಪತ್ ಯುದ್ಧಕ್ಕೆ 21 ವರ್ಷ ಮುಂಚೆ. ಕಾಬೂಲನ್ನು ಬಣ್ಣಿಸುವಾಗ ಆತ ಕೋಟೆಕೊತ್ತಲಗಳಷ್ಟೇ ಆಸಕ್ತಿಯಿಂದ ಪೇಟೆಯ ವಿಚಾರವನ್ನೂ ಹೇಳುತ್ತಾನೆ. ವರ್ಷಕ್ಕೆ ಏಳರಿಂದ ಹತ್ತು ಸಾವಿರ ಕುದುರೆಗಳು ಕಾಬೂಲಿನ ಸಂತೆಗೆ ಬರುತ್ತಿದ್ದವಂತೆ. ಹಿಂದೂಸ್ತಾನದ ಕಡೆಯಿಂದ ಹತ್ತು, ಹದಿನೈದು, ಇಪ್ಪತ್ತು ಸಾವಿರ ಜನ ವ್ಯಾಪಾರಿಗಳು ಬಿಳಿ ಬಟ್ಟೆ, ಕಲ್ಲುಸಕ್ಕರೆ, ಗಿಡಮೂಲಿಕೆಗಳನ್ನು ತರುತ್ತಿದ್ದರಂತೆ. ಗುಲಾಮರನ್ನೂ ತರುತ್ತಿದ್ದರು ಎಂದು ಬರೆದಿದ್ದಾನೆ; ಈ ದಾರಿಯ ವ್ಯಾಪಾರದಲ್ಲಿ ಮನುಷ್ಯರೂ ಸರಕಾಗಿದ್ದರು ಎಂಬುದನ್ನು ಮುಚ್ಚಿಡಬಾರದು. ಹತ್ತಕ್ಕೆ ಮೂವತ್ತು ನಲವತ್ತು ಲಾಭ ಬಂದರೂ ಆ ವ್ಯಾಪಾರಿಗಳಿಗೆ ತೃಪ್ತಿಯಿಲ್ಲ ಎಂದು ಬಾಬರನ ಮಾತು. ಹಿಂದೂಸ್ತಾನದ ಕಡೆಯಿಂದ ಕಾಬೂಲಿಗೆ ಇದ್ದ ನಾಲ್ಕು ದಾರಿಗಳನ್ನು ಆತ ಹೆಸರಿಸುತ್ತಾನೆ. ಖೈಬರ್ ಅವುಗಳಲ್ಲಿ ಒಂದು. ಸೈನ್ಯ ನಡೆಸುವವನು ವ್ಯಾಪಾರಿಯ ದಾರಿಯನ್ನೇ ಹಿಡಿಯಬೇಕಿತ್ತು. ನೀರು ಎಲ್ಲಿ, ಮೇವು ಎಲ್ಲಿ, ರಾತ್ರಿ ತಂಗುವುದೆಲ್ಲಿ ಎಂಬುದನ್ನು ಮೊದಲು ಕಂಡುಕೊಂಡವರು ಆ ಹೇರಿನವರು.

ಬಾಬರನಿಗಿಂತ ಸಾವಿರದ ನಾನೂರು ವರ್ಷ ಹಿಂದೆ ಹೋದರೆ ಕುಶಾನರ ಕಾಲ. ಕನಿಷ್ಕನ ರಾಜಧಾನಿ ಪುರುಷಪುರ, ಇಂದಿನ ಪೇಶಾವರ. ಬೇಸಿಗೆ ಕಳೆಯುವ ಇನ್ನೊಂದು ನಗರ ಕಾಬೂಲಿನ ಉತ್ತರಕ್ಕಿದ್ದ ಕಾಪಿಶಿ, ಇಂದಿನ ಬೆಗ್ರಾಮ್. ಆ ಅರಸರಿಗೆ ಖೈಬರ್ ಗಡಿಯೇ ಆಗಿರಲಿಲ್ಲ, ಒಂದೇ ಮನೆಯ ಎರಡು ಕೋಣೆಗಳ ನಡುವಿನ ಪಡಸಾಲೆಯಾಗಿತ್ತು. 1930ರ ದಶಕದ ಕೊನೆಯಲ್ಲಿ ಫ್ರೆಂಚ್ ಪುರಾತತ್ತ್ವಜ್ಞರು ಬೆಗ್ರಾಮಿನಲ್ಲಿ ಅಗೆದಾಗ ಗೋಡೆ ಕಟ್ಟಿ ಮುಚ್ಚಿದ್ದ ಎರಡು ಕೋಣೆಗಳು ಸಿಕ್ಕವು. ಒಳಗೆ ರೋಮನ್ ಜಗತ್ತಿನ ಬಣ್ಣದ ಗಾಜಿನ ಲೋಟಗಳು, ಕಂಚಿನ ಪುಟ್ಟ ಮೂರ್ತಿಗಳು; ಚೀನಾದ ಅರಗಿನ ಪಾತ್ರೆಗಳು; ಭಾರತದ ದಂತದ ಕೆತ್ತನೆಗಳು. ಆ ದಂತದ ಹಲಗೆಗಳ ಮೇಲೆ ಕನ್ನಡಿ ಹಿಡಿದು ಸಿಂಗರಿಸಿಕೊಳ್ಳುವ, ಗೆಳತಿಯರೊಡನೆ ಮಾತಾಡುತ್ತ ಕೂತ ಹೆಂಗಸರ ಚಿತ್ರಗಳು. ಬೆರಳಗಲದ ಜಾಗದಲ್ಲಿ ಸೊಂಟದ ಡಾಬು, ಕಾಲ್ಗಡಗ ಎಲ್ಲ ಬಿಡಿಸಿ ಕೆತ್ತಿದ್ದಾರೆ. ಭಾರತದ ಬಯಲಿನಿಂದ ಆ ದಂತ ಬೆಗ್ರಾಮ್ ತಲುಪಿದ್ದು ಈ ಬೆಟ್ಟಸಾಲನ್ನು ದಾಟಿಯೇ. ಕಣಿವೆಯೊಳಗೇ, ಜರಾಯಿ ಎಂಬ ಊರಿನ ಬಳಿ, ಸ್ಫೋಲಾ ಎಂಬ ಬೌದ್ಧ ಸ್ತೂಪ ಈಗಲೂ ಇದೆ. ಸ್ತೂಪ ಕಟ್ಟಬೇಕಾದರೆ ದಾನ ಕೊಡುವವರು ಬೇಕು. ಅಂಥ ಒಣಬೆಟ್ಟದಲ್ಲಿ ಆ ದಾನ ದಾರಿಹೋಕ ವರ್ತಕರಿಂದ ಬಂದಿರಬೇಕು ಎಂದು ನನ್ನ ಊಹೆ.

ಕುದುರೆಯ ಮಾತು ಬಂತಲ್ಲ, ಅದರಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. ಹಿಂದೂಸ್ತಾನದ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಸುವುದು ಕಷ್ಟ. ದೆಹಲಿಯ ಸುಲ್ತಾನರಿಗೂ ಮೊಘಲರಿಗೂ ಮಧ್ಯ ಏಷ್ಯಾದ ಕುದುರೆಗಳು ಕಾಬೂಲಿನ ಸಂತೆಯಿಂದ ಈ ಕಣಿವೆಗಳ ಮೂಲಕ ಬರುತ್ತಿದ್ದವು. ದಕ್ಷಿಣದ ಅರಸರಿಗೆ ಆ ದಾರಿ ದೂರ, ನಡುವೆ ಶತ್ರುಗಳ ನಾಡು ಬೇರೆ. ವಿಜಯನಗರದವರು ಅದಕ್ಕೇ ಸಮುದ್ರದ ಕಡೆ ನೋಡಿದ್ದು. ಹೋರ್ಮುಜ್‌ನಿಂದ ಹಡಗಿನಲ್ಲಿ ಕುದುರೆಗಳು ಭಟ್ಕಳಕ್ಕೆ, ಹೊನ್ನಾವರಕ್ಕೆ, ಗೋವೆಗೆ ಬರುತ್ತಿದ್ದವು. ಪೋರ್ಚುಗೀಸರು ಆ ಸಮುದ್ರವ್ಯಾಪಾರವನ್ನು ಹಿಡಿದ ಮೇಲೆ ವಿಜಯನಗರ ಅವರ ಸ್ನೇಹ ಉಳಿಸಿಕೊಳ್ಳಬೇಕಾಯಿತು. ಹಂಪಿಯಲ್ಲಿ ಮಹಾನವಮಿ ದಿಬ್ಬದ ಗೋಡೆಯ ಮೇಲಿನ ಕುದುರೆಗಳ ಸಾಲನ್ನು ನೋಡಿದವರು, ಅಷ್ಟು ದೂರದ ಕಣಿವೆಯೊಂದು ಯಾರ ಕೈಯಲ್ಲಿದೆ ಎಂಬುದರಿಂದ ನಮ್ಮ ಕರಾವಳಿಯ ರೇವುಗಳ ಹಣೆಬರಹವೂ ಬದಲಾಯಿತು ಎಂಬುದನ್ನು ನೆನೆಯಬಹುದು.

ಈಗ ಆ ಕಣಿವೆಯ ಜನರ ವಿಷಯ. ಖೈಬರಿನ ಬಹುಭಾಗ ಅಫ್ರೀದಿ ಪಠಾಣರದು. ಲಂಡಿ ಕೋತಲ್ ಕಡೆ ಶಿನ್ವಾರಿಗಳು. ಅಫ್ರೀದಿಗಳಲ್ಲಿ ಕುಕಿ ಖೇಲ್, ಜಕ್ಕಾ ಖೇಲ್, ಮಲಿಕ್‌ದೀನ್ ಖೇಲ್ ಎಂದು ಹಲವು ಕುಲಗಳು. ಬೇಸಿಗೆಯಲ್ಲಿ ಇವರಲ್ಲಿ ಅನೇಕರು ದನಕರುಗಳೊಂದಿಗೆ ತೀರಾಹ್ ಎಂಬ ಎತ್ತರದ ಹಸಿರು ನಾಡಿಗೆ ಹೋಗುತ್ತಾರೆ, ಚಳಿಗಾಲಕ್ಕೆ ಪೇಶಾವರದ ಬಯಲಂಚಿಗೆ ಇಳಿಯುತ್ತಾರೆ. ಬೆಟ್ಟದ ನೆಲದಲ್ಲಿ ಬೆಳೆಯುವುದು ಕಡಿಮೆ. ಸೌದೆ ಮಾರುವುದು, ಚಾಪೆ ಹೆಣೆಯುವುದು, ಹೇರು ಹೊಡೆಯುವುದು, ದಾರಿಯ ಸುಂಕ ಎತ್ತುವುದು ಇವೇ ಜೀವನಕ್ಕೆ ಆಧಾರವಾಗಿದ್ದವು. ಸುಂಕ ಕೊಟ್ಟ ವ್ಯಾಪಾರಿಯ ಜೊತೆ ತಮ್ಮ ಕುಲದ ಒಬ್ಬನನ್ನು ಕಾವಲಿಗೆ ಕಳಿಸುತ್ತಿದ್ದರು. ಅವನಿದ್ದರೆ ಆ ಸರಕಿಗೆ ಯಾರೂ ಕೈ ಹಚ್ಚುವಂತಿಲ್ಲ. ಹಚ್ಚಿದರೆ ಕುಲಕ್ಕೆ ಕುಲವೇ ಹಗೆಯಾಗುತ್ತಿತ್ತು. ಬಯಲಿನ ಸರ್ಕಾರಗಳು ಇದನ್ನು ದರೋಡೆ ಎಂದು ಬರೆದವು. ದರೋಡೆ ನಡೆಯುತ್ತಲೇ ಇರಲಿಲ್ಲ ಎಂದಲ್ಲ. ಆದರೆ ದಾಟುವವರಿಂದ ಹಣ ಪಡೆದು ರಕ್ಷಣೆ ಕೊಡುವುದನ್ನು ಚಕ್ರವರ್ತಿ ಮಾಡಿದರೆ ತೆರಿಗೆ, ಬೆಟ್ಟದವರು ಮಾಡಿದರೆ ಕಳ್ಳತನ ಎಂಬ ಲೆಕ್ಕವನ್ನು ನಾನು ಒಪ್ಪಲಾರೆ.

ಮೊಘಲರಿಗೆ ಈ ಪಾಠ ದುಬಾರಿಯಾಗಿ ಸಿಕ್ಕಿತು. 1580ರ ದಶಕದಲ್ಲಿ ಅಕ್ಬರ್ ತನ್ನ ಅಧಿಕಾರಿ ಖಾಸಿಮ್ ಖಾನನಿಂದ ಖೈಬರ್ ದಾರಿಯನ್ನು ಗಾಡಿ ಹೋಗುವಂತೆ ಸಮ ಮಾಡಿಸಿದ. ಅದೇ ದಶಕದಲ್ಲಿ, 1586ರಲ್ಲಿ, ನಾವು ಕಥೆಗಳಲ್ಲಿ ಕೇಳುವ ಬೀರಬಲ್ಲ ಇದೇ ಗಡಿಯ ಯೂಸುಫ್‌ಜೈ ಬೆಟ್ಟಗಳಲ್ಲಿ ಸೈನ್ಯ ನಡೆಸುತ್ತ ಸತ್ತ. ಔರಂಗಜೇಬನ ಕಾಲಕ್ಕೆ ಸ್ಥಿತಿ ಇನ್ನೂ ಬಿಗಡಾಯಿಸಿತು. 1672ರಲ್ಲಿ ಅಫ್ರೀದಿಗಳು ಐಮಲ್ ಖಾನನ ಮುಂದಾಳತ್ವದಲ್ಲಿ ಎದ್ದು ದಾರಿ ಕಟ್ಟಿದರು. ಕಾಬೂಲಿಗೆ ಹೊರಟಿದ್ದ ಸುಬೇದಾರ ಮುಹಮ್ಮದ್ ಅಮೀನ್ ಖಾನ್ ಖೈಬರಿನಲ್ಲಿ ಸಿಕ್ಕಿಕೊಂಡ. ಬೆಟ್ಟದ ಮೇಲಿನವರು ಕೆಳಗಿನ ನೀರಿಗೆ ಅಡ್ಡ ಕೂತರು. ಸುಬೇದಾರ ಹೇಗೋ ಪಾರಾದ, ಸೈನ್ಯ ಉಳಿಯಲಿಲ್ಲ, ಹೆಂಡತಿ ಮಕ್ಕಳು ಸೆರೆ ಸಿಕ್ಕರು. 1674ರಲ್ಲಿ ಔರಂಗಜೇಬನೇ ಪೇಶಾವರದ ದಾರಿಯಲ್ಲಿರುವ ಹಸನ್ ಅಬ್ದಾಲಿಗೆ ಬಂದು ಬಿಡಾರ ಹೂಡಿ, ಒಂದು ವರ್ಷಕ್ಕೂ ಮಿಕ್ಕಿ ಅಲ್ಲೇ ಉಳಿಯಬೇಕಾಯಿತು. ಕೊನೆಗೆ ಕೆಲಸ ಸಾಗಿದ್ದು ಕತ್ತಿಗಿಂತ ಹೆಚ್ಚಾಗಿ ಸಂಬಳ, ಜಾಗೀರು, ಉಡುಗೊರೆಗಳಿಂದ.

ಈ ಘಟನೆಯ ಬಿಸಿ ದಖ್ಖನಿನವರೆಗೂ ಮುಟ್ಟಿತು. ದಕ್ಷಿಣದಲ್ಲಿದ್ದ ದಿಲೇರ್ ಖಾನನಂಥ ಸೇನಾನಿಗಳನ್ನು ಔರಂಗಜೇಬ್ ವಾಯವ್ಯಕ್ಕೆ ಕರೆಸಿಕೊಂಡ. ಅದೇ 1674ರ ಜೂನಿನಲ್ಲಿ ರಾಯಗಡದಲ್ಲಿ ಶಿವಾಜಿಯ ಪಟ್ಟಾಭಿಷೇಕ ನಡೆಯಿತು. 1677ರಲ್ಲಿ ಶಿವಾಜಿ ತನ್ನ ದಕ್ಷಿಣ ದಂಡಯಾತ್ರೆಗೆ ಹೊರಟ. ಜಿಂಜಿ ವಶವಾಯಿತು, ಹಿಂತಿರುಗುವಾಗ ಮೈಸೂರಿನ ಎತ್ತರದ ನಾಡನ್ನೂ ಕೊಪ್ಪಳ, ಗದಗದ ಸೀಮೆಯನ್ನೂ ಹಾದು ಮರಾಠಾ ಸೈನ್ಯ ಹೋಯಿತು. ಬೆಳವಡಿ ಮಲ್ಲಮ್ಮ ಅವರನ್ನು ಎದುರಿಸಿದ್ದು ಆ ಸಂದರ್ಭದಲ್ಲೇ. ಅಫ್ಘನ್ ಯುದ್ಧ ಮೊಘಲರ ಒಳ್ಳೆಯ ಪಡೆಗಳನ್ನು ಹೀರಿಕೊಂಡಿದ್ದರಿಂದ ಶಿವಾಜಿಗೆ ಆ ಬಿಡುವು ದೊರೆಯಿತು ಎಂದು ಇತಿಹಾಸಕಾರ ಜದುನಾಥ ಸರ್ಕಾರ್ ತೋರಿಸಿದ್ದಾರೆ. ಖೈಬರಿನ ಅಫ್ರೀದಿಗಳು ದಾರಿ ಕಟ್ಟಿದ್ದಕ್ಕೂ ಕನ್ನಡ ನೆಲದಲ್ಲಿ ಕುದುರೆಗಳ ಗೊರಸಿನ ಸದ್ದು ಕೇಳಿದ್ದಕ್ಕೂ ಹೀಗೆ ನಂಟಿದೆ. ನಮ್ಮ ಪಾಠಗಳಲ್ಲಿ ಇವೆರಡು ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ಒಟ್ಟಿಗೆ ಓದಿಸಿದರೆ ಮಕ್ಕಳಿಗೆ ದೇಶದ ಭೂಪಟವೇ ಬೇರೆಯಾಗಿ ಕಂಡೀತು.

ಬ್ರಿಟಿಷರಿಗೆ ಬರೋಣ. ಅವರಿಗಿಂತ ಮುಂಚೆ ಸಿಖ್ಖರು ಕಣಿವೆಯ ಬಾಯಿಯವರೆಗೆ ಬಂದಿದ್ದರು. ರಣಜಿತ್ ಸಿಂಹನ ಸೇನಾಪತಿ ಹರಿಸಿಂಹ ನಲ್ವಾ ಜಮ್ರೂದಿನಲ್ಲಿ ಕೋಟೆ ಕಟ್ಟಿಸಿ, 1837ರಲ್ಲಿ ಅಲ್ಲೇ ಯುದ್ಧದಲ್ಲಿ ಮಡಿದ. ಮೊದಲ ಆಂಗ್ಲೋ-ಅಫ್ಘನ್ ಯುದ್ಧದಲ್ಲಿ ನಡೆದ ಒಂದು ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1842ರ ಜನವರಿ. ಕಾಬೂಲಿನಿಂದ ಹೊರಟ ಬ್ರಿಟಿಷ್ ಸೈನ್ಯ ಹಿಮದಲ್ಲಿ ನಾಶವಾಗಿದೆ. ಜಲಾಲಾಬಾದಿನಲ್ಲಿ ಒಂದು ತುಕಡಿ ಮುತ್ತಿಗೆಯಲ್ಲಿ ಸಿಕ್ಕಿದೆ. ಅದನ್ನು ಬಿಡಿಸಲು ಪೇಶಾವರದಿಂದ ಎರಡು ರೆಜಿಮೆಂಟುಗಳು ರಾತ್ರಿ ಹೊತ್ತು ಸದ್ದಿಲ್ಲದೆ ನಡೆದು ಅಲಿ ಮಸ್ಜಿದ್ ಕೋಟೆ ಸೇರಿಕೊಂಡವು. ಬೆಳಗಾದಾಗ ನೋಡಿದರೆ ಹಿಂದೆ ಬರಬೇಕಿದ್ದ ಧಾನ್ಯದ ನೂರಾರು ಎತ್ತುಗಳಲ್ಲಿ ಬಹುಪಾಲು ಬಂದೇ ಇಲ್ಲ. ಬಂದ ಕೆಲವೇ ಎತ್ತುಗಳ ಹೇರು ಕೆಲವು ದಿನಕ್ಕೂ ಸಾಲದು. ಹೊದಿಕೆಗಳಿಲ್ಲ, ಕೊರೆಯುವ ಚಳಿ, ಅಲ್ಲಿನ ನೀರು ಕುಡಿದವರಿಗೆ ಬೇನೆ. ಹಿಂದಿನಿಂದ ಸಹಾಯಕ್ಕೆ ಹೊರಟ ಪಡೆ ಕಣಿವೆಯ ಬಾಯಿಯಲ್ಲೇ ಸೋತು ಹಿಮ್ಮೆಟ್ಟಿತು. ಒಂದು ವಾರದಲ್ಲಿ ಕೋಟೆಯನ್ನು ಬಿಟ್ಟು ಹೋರಾಡುತ್ತ ವಾಪಸು ಬರಬೇಕಾಯಿತು. ಕೈಯಲ್ಲಿ ಕೋಟೆಯಿತ್ತು, ಹೊಟ್ಟೆಗೆ ಹಿಟ್ಟಿರಲಿಲ್ಲ.

ಅದೇ ವರ್ಷ ಏಪ್ರಿಲ್ 5ರಂದು ಬ್ರಿಟಿಷ್ ಜನರಲ್ ಪೊಲಾಕ್ ಜಲಾಲಾಬಾದಿನ ಕಡೆ ಹೊರಟಾಗ ಅವಸರ ಮಾಡಲಿಲ್ಲ. ಕಣಿವೆಯ ಬಾಯಿಗೆ ಅಫ್ರೀದಿಗಳು ಕಲ್ಲು, ಮುಳ್ಳುಪೊದೆ, ಮಣ್ಣು ರಾಶಿ ಹಾಕಿ ಅಡ್ಡಗಟ್ಟೆ ಕಟ್ಟಿದ್ದರು. ಪೊಲಾಕ್ ಅದರ ತಂಟೆಗೆ ಹೋಗದೆ, ಎಡಬಲದ ಬೆಟ್ಟಗಳ ಮೇಲೆ ಕಾಲಾಳುಗಳನ್ನು ಹತ್ತಿಸಿ ನೆತ್ತಿಗಳನ್ನು ಮೊದಲು ಹಿಡಿದ. ಮೇಲಿನವರು ಮುಂದೆ ಸಾಗಿದ ಹಾಗೆ ಕೆಳಗೆ ಸಾಮಾನಿನ ಸಾಲು ಮುಂದೆ ಸಾಗಿತು. ಅದಾದ ಮೇಲೆ ಗಡಿನಾಡಿನ ಬ್ರಿಟಿಷ್ ದಂಡುಗಳಿಗೆ ಇದೇ ಕ್ರಮ ರೂಢಿಯಾಯಿತು. ಆದರೂ ವರ್ಷವಿಡೀ ಬೆಟ್ಟದ ನೆತ್ತಿಗಳ ಮೇಲೆ ಸೈನ್ಯ ಇಡಲು ಯಾವ ಖಜಾನೆಗೂ ಶಕ್ತಿಯಿಲ್ಲ. 1879ರ ಗಂಡಮಕ್ ಒಪ್ಪಂದದಿಂದ ಖೈಬರಿನ ಹತೋಟಿ ಬ್ರಿಟಿಷರಿಗೆ ಬಂದಾಗ ಅವರೂ ಹಳೆಯ ಮೊಘಲ್ ಉಪಾಯಕ್ಕೇ ಬಂದರು: ಕುಲಗಳಿಗೆ ವರ್ಷಾಶನ ಗೊತ್ತುಮಾಡಿದರು, ಆ ಕುಲಗಳ ಹುಡುಗರನ್ನೇ ಸೇರಿಸಿ ಖೈಬರ್ ರೈಫಲ್ಸ್ ಎಂಬ ಪಡೆ ಬೆಳೆಸಿದರು. ಅಲ್ಲಿ 18 ವರ್ಷ ರಾಜಕೀಯ ಅಧಿಕಾರಿಯಾಗಿದ್ದ ರಾಬರ್ಟ್ ವಾರ್ಬರ್ಟನ್ ತಾಯಿಯ ಕಡೆಯಿಂದ ಅಫ್ಘನ್. ಜನರ ಮಾತು ಬಲ್ಲವನು.

ಆ ಕಾಲದಲ್ಲಿ ಕಣಿವೆ ವಾರಕ್ಕೆ ಎರಡು ದಿನ ವ್ಯಾಪಾರಕ್ಕೆ ತೆರೆಯುತ್ತಿತ್ತು, ಮಂಗಳವಾರ ಮತ್ತು ಶುಕ್ರವಾರ. ಬೆಳಗ್ಗೆ ರೈಫಲ್ಸ್‌ನವರು ಗುಡ್ಡದ ನೆತ್ತಿಗಳಲ್ಲಿ ಕಾವಲು ಕೂತ ಮೇಲೆ ಎರಡೂ ಕಡೆಯಿಂದ ಕಾಫಿಲಾ, ಅಂದರೆ ಹೇರಿನವರ ಸಾಲು, ಹೊರಡುತ್ತಿತ್ತು. ಪೇಶಾವರದಿಂದ ಮೇಲಕ್ಕೆ ಬಟ್ಟೆ, ಚಹಾ, ಸಕ್ಕರೆ, ನೀಲಿ, ಲೋಹದ ಸಾಮಾನು. ಕಾಬೂಲಿನಿಂದ ಕೆಳಕ್ಕೆ ಬಾದಾಮಿ, ಪಿಸ್ತಾ, ಒಣದ್ರಾಕ್ಷಿ, ರತ್ನಗಂಬಳಿ, ತೊಗಲು, ಇಂಗು. ಹಸಿ ದ್ರಾಕ್ಷಿಯನ್ನು ದುಂಡನೆಯ ಮರದ ಡಬ್ಬಿಗಳಲ್ಲಿ ಹತ್ತಿಯ ಪದರಗಳ ನಡುವೆ ಒಂದೊಂದಾಗಿ ಇಟ್ಟು ಕಟ್ಟುತ್ತಿದ್ದರು. ಅವು ಕಲ್ಕತ್ತೆಯವರೆಗೂ ಕೆಡದೆ ಹೋಗುತ್ತಿದ್ದವು. ರವೀಂದ್ರನಾಥ ಠಾಕೂರರ ‘ಕಾಬೂಲಿವಾಲಾ’ ಕಥೆಯ ರಹಮತ್ ಹೆಗಲ ಚೀಲದ ಜೊತೆಗೆ ಕೈಯಲ್ಲಿ ಹಿಡಿದು ಬರುವುದು ಅಂಥ ದ್ರಾಕ್ಷಿಯ ಡಬ್ಬಿಗಳನ್ನೇ. ದಾರಿಯ ಬದಿಯ ಅಫ್ರೀದಿ ಮನೆಗಳು ಒಂದೊಂದೂ ಒಂದು ಕೋಟೆ, ಎತ್ತರದ ಮಣ್ಣಿನ ಗೋಡೆ, ಮೂಲೆಯಲ್ಲಿ ಬುರುಜು. ಕುಲವೈರದಲ್ಲಿ ಅಣ್ಣತಮ್ಮಂದಿರೇ ಬುರುಜಿನಿಂದ ಬುರುಜಿಗೆ ಗುಂಡು ಹಾರಿಸುತ್ತಿದ್ದರು. ಆದರೆ ಸರ್ಕಾರಿ ರಸ್ತೆಯ ಮೇಲೆ ಗುಂಡು ಹಾರಿಸಬಾರದು ಎಂಬುದು ಎಲ್ಲರೂ ಒಪ್ಪಿದ ಕಟ್ಟು. ಕೆಲವರು ತಮ್ಮ ಮನೆಯಿಂದ ರಸ್ತೆಯವರೆಗೆ ಕಂದಕ ತೋಡಿಕೊಂಡಿದ್ದರು. ಅದರಲ್ಲಿ ಬಗ್ಗಿ ನಡೆದು ರಸ್ತೆ ತಲುಪಿದರೆ ಸಾಕು, ಎದುರು ಮನೆಯ ವೈರಿಯ ಮುಂದೆಯೇ ನೆಟ್ಟಗೆ ನಡೆದು ಪೇಟೆಗೆ ಹೋಗಬಹುದಿತ್ತು. ದಾರಿ ನಡೆದರೆ ಮಾತ್ರ ಎಲ್ಲರಿಗೂ ಅನ್ನ ಎಂಬುದನ್ನು ವೈರದಲ್ಲೂ ಮರೆಯದ ಜನ ಅವರು.

ವಾರ್ಬರ್ಟನ್ ನಿವೃತ್ತನಾದದ್ದು 1897ರಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಅಫ್ರೀದಿಗಳು ದಂಗೆ ಎದ್ದು ಅಲಿ ಮಸ್ಜಿದ್, ಲಂಡಿ ಕೋತಲ್ ಠಾಣೆಗಳನ್ನು ಸುಟ್ಟರು. ಠಾಣೆಯೊಳಗಿದ್ದ ಖೈಬರ್ ರೈಫಲ್ಸ್ ಸಿಪಾಯಿಗಳು ತಮ್ಮದೇ ಜನರ ವಿರುದ್ಧ ಹೋರಾಡಿದರು. ಕೆಲವೇ ಗಂಟೆಗಳ ನಡಿಗೆಯ ದೂರದಲ್ಲಿ ಸಾವಿರಾರು ಸೈನಿಕರಿದ್ದರೂ ಅವರ ನೆರವಿಗೆ ಯಾರೂ ಹೋಗಲಿಲ್ಲ. ಉಪ್ಪಿನ ಋಣ ತೀರಿಸಿದವರನ್ನು ಹಾಗೆ ಕೈಬಿಟ್ಟದ್ದು ಆ ಗಡಿಯ ಇತಿಹಾಸದಲ್ಲಿ ದೊಡ್ಡ ಅನ್ಯಾಯ. 1919ರ ಮೇ ತಿಂಗಳಲ್ಲಿ ಮೂರನೆಯ ಅಫ್ಘನ್ ಯುದ್ಧ ಶುರುವಾದದ್ದೂ ನೀರಿನಿಂದ. ಲಂಡಿ ಕೋತಲ್‌ಗೆ ನೀರು ಬರುತ್ತಿದ್ದುದು ಬಾಗ್ ಎಂಬಲ್ಲಿನ ಒರತೆಗಳಿಂದ; ಅಫ್ಘನ್ ಪಡೆ ಮೊದಲು ಹಿಡಿದದ್ದು ಆ ಊರನ್ನು.

ಆ ಯುದ್ಧದ ಭಯದಿಂದ ಹುಟ್ಟಿದ್ದು ಖೈಬರ್ ರೈಲು. 1925ರ ನವೆಂಬರ್ 4ರಂದು ಜಮ್ರೂದ್‌ನಿಂದ ಲಂಡಿ ಕೋತಲ್‌ವರೆಗೆ ತೆರೆದ ಆ ದಾರಿಯಲ್ಲಿ 34 ಸುರಂಗ, ಸಣ್ಣದು ದೊಡ್ಡದು ಸೇರಿ 92 ಸೇತುವೆ. ಏರು ಎಷ್ಟು ಕಡಿದೆಂದರೆ ಗಾಡಿಗೆ ಹಿಂದೆ ಮುಂದೆ ಎರಡು ಇಂಜಿನ್ ಬೇಕಿತ್ತು. ಕೆಲವು ಕಡೆ ಗಾಡಿ ನಿಂತು, ದಿಕ್ಕು ಬದಲಿಸಿ, ಹಿಮ್ಮುಖವಾಗಿ ಏರಬೇಕಿತ್ತು. ಪೇಶಾವರದಲ್ಲಿ ಆ ಹಳಿ ವಿಮಾನ ನಿಲ್ದಾಣದ ರನ್‌ವೇಯನ್ನೇ ಅಡ್ಡ ಹಾಯುತ್ತಿತ್ತು. ಇಂಜಿನಿಯರುಗಳ ಕೈಚಳಕಕ್ಕೆ ತಲೆದೂಗಲೇಬೇಕು. ಆದರೆ ಅದು ಸೈನ್ಯಕ್ಕಾಗಿ ಹಾಕಿದ ಹಳಿ. ವ್ಯಾಪಾರ ಅದನ್ನು ಹುಡುಕಿಕೊಂಡು ಬರಲಿಲ್ಲ. 1926ರಲ್ಲಿ ಗಡಿಯ ಹತ್ತಿರ ಲಂಡಿ ಖಾನಾವರೆಗೆ ಎಳೆದದ್ದನ್ನು 1932ರಲ್ಲೇ ಮುಚ್ಚಿದರು. ಉಳಿದ ದಾರಿಯೂ ಪಾಕಿಸ್ತಾನದ ಕಾಲದಲ್ಲಿ ನಷ್ಟದಲ್ಲೇ ನಡೆದು ಕೊನೆಗೆ ನಿಂತಿತು. ಗಡಿಯಾಚೆ ಕಾಬೂಲಿನವರೆಗೆ ಹಳಿ ಮುಂದುವರಿದಿದ್ದರೆ ಕಥೆ ಬೇರೆಯಾಗುತ್ತಿತ್ತು. ಬ್ರಿಟಿಷರ ರೈಲು ಒಳಗೆ ಬಂದರೆ ಅವರ ಸೈನ್ಯವೂ ಬಂದೀತು ಎಂದು ಕಾಬೂಲಿನ ಅಮೀರರು ಹೆದರಿದ್ದು ಸಹಜವೇ.

ಲಾರಿಗಳ ಕಾಲದಲ್ಲಿ ಖೈಬರಿನ ಮಹತ್ವ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅಫ್ಘಾನಿಸ್ತಾನಕ್ಕೆ ಸಮುದ್ರವಿಲ್ಲ. ಕರಾಚಿ ಬಂದರಿನಲ್ಲಿ ಇಳಿದ ಸರಕು ಪೇಶಾವರ, ತೋರ್ಖಮ್, ಜಲಾಲಾಬಾದ್ ದಾಟಿ ಕಾಬೂಲ್ ಸೇರುವುದು ಹಳೆಯ ರೂಢಿ. 1961ರಲ್ಲಿ ಪಾಕಿಸ್ತಾನ, ಅಫ್ಘಾನಿಸ್ತಾನಗಳ ಜಗಳ ಬೆಳೆದು ಗಡಿ ಮುಚ್ಚಿತು, 1963ರವರೆಗೆ ತೆರೆಯಲಿಲ್ಲ. 1961ರ ಹಣ್ಣನ್ನು ವಿಮಾನದಲ್ಲಿ ಸಾಗಿಸಬೇಕಾಯಿತು. ಕಾಬೂಲ್ ಉತ್ತರಕ್ಕೆ, ಸೋವಿಯತ್ ಒಕ್ಕೂಟದ ಕಡೆಗೆ ಇನ್ನಷ್ಟು ವಾಲಿತು. 1964ರಲ್ಲಿ ಹಿಂದೂಕುಶ್ ಕೊರೆದ ಸಾಲಾಂಗ್ ಸುರಂಗ ತೆರೆಯಿತು. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಅದೇ ಸುರಂಗದಿಂದ ಇಳಿದು ಬಂದದ್ದನ್ನು ಇಲ್ಲಿ ನೆನೆಯಬೇಕು. ಖೈಬರ್ ಮುಚ್ಚಿದವರು ಇದನ್ನು ಬಯಸಿರಲಿಲ್ಲ.

ಅಮೆರಿಕದ ಯುದ್ಧದ ಕಾಲದಲ್ಲೂ ಹೀಗೇ. ನ್ಯಾಟೋ ಪಡೆಗಳ ಇಂಧನ, ಆಹಾರ, ಸಾಮಗ್ರಿಯ ಬಹುಭಾಗ ಒಂದು ಹಂತದಲ್ಲಿ ಪಾಕಿಸ್ತಾನದ ರಸ್ತೆಗಳನ್ನೇ ನಂಬಿತ್ತು. 2008ರ ಡಿಸೆಂಬರಿನಲ್ಲಿ ಪೇಶಾವರದ ಲಾರಿ ನಿಲ್ದಾಣಗಳಿಗೆ ಬೆಂಕಿ ಬಿತ್ತು. 2011ರ ನವೆಂಬರಿನಲ್ಲಿ ಗಡಿಯ ಸಲಾಲಾ ಠಾಣೆಯ ಮೇಲೆ ನಡೆದ ನ್ಯಾಟೋ ದಾಳಿಯಲ್ಲಿ 24 ಪಾಕಿಸ್ತಾನಿ ಸೈನಿಕರು ಸತ್ತ ಮೇಲೆ ಪಾಕಿಸ್ತಾನ ದಾರಿಯನ್ನು ಏಳು ತಿಂಗಳು ಮುಚ್ಚಿತು. ಉತ್ತರದ ಸುತ್ತುದಾರಿಯಿಂದ ತಿಂಗಳಿಗೆ ಸುಮಾರು 10 ಕೋಟಿ ಡಾಲರ್ ಹೆಚ್ಚಿಗೆ ಖರ್ಚಾಗುತ್ತಿದೆ ಎಂದು ಅಮೆರಿಕದ ರಕ್ಷಣಾ ಕಾರ್ಯದರ್ಶಿಯೇ ಹೇಳಿದರು. ಧಾನ್ಯದ ಎತ್ತುಗಳು ಬಾರದೆ ಅಲಿ ಮಸ್ಜಿದ್ ಬಿಟ್ಟವರ ಕಷ್ಟಕ್ಕೂ ಇದಕ್ಕೂ ಅಂತರ ಹಣದ ಮೊತ್ತದಲ್ಲಿ ಮಾತ್ರ.

ನಮಗೆ ಈ ದಾರಿಯ ಜೊತೆ ಈಗಲೂ ಇರುವ ನಂಟು ಇಂಗಿನದು. ನಮ್ಮ ಸಾರಿಗೆ, ಒಗ್ಗರಣೆಗೆ, ಉಪ್ಪಿನಕಾಯಿಗೆ ಬೀಳುವ ಇಂಗಿನ ಮೂಲದ ಅಂಟು ನಮ್ಮ ನೆಲದಲ್ಲಿ ಬೆಳೆದದ್ದಲ್ಲ. ಹೆಚ್ಚಿನದು ಅಫ್ಘಾನಿಸ್ತಾನದಿಂದ, ಇರಾನಿನಿಂದ ಬರುತ್ತದೆ. ಅಲ್ಲಿನ ಒಣಬೆಟ್ಟದ ಗಿಡದ ಬೇರನ್ನು ಗೀರಿದಾಗ ಒಸರುವ ಹಾಲು ಗಟ್ಟಿಯಾಗಿ ಬರುವುದು ಅದು. ಇಲ್ಲಿಗೆ ಬಂದ ಮೇಲೆ ಹಿಟ್ಟು, ಗೋಂದು ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಅಫ್ಘಾನಿಸ್ತಾನ, ಪಾಕಿಸ್ತಾನಗಳ 2010ರ ಒಪ್ಪಂದದಂತೆ ಅಫ್ಘನ್ ಸರಕು ಪಾಕಿಸ್ತಾನ ದಾಟಿ ವಾಘಾ ಗಡಿಗೆ ಬರಬಹುದಿತ್ತು, ಆದರೆ ಹಿಂತಿರುಗುವ ಲಾರಿ ಭಾರತದ ಸರಕು ಹೊತ್ತೊಯ್ಯುವಂತಿರಲಿಲ್ಲ. ಬರಿಗೈಯಲ್ಲಿ ಮರಳುವ ಲಾರಿಯ ಬಾಡಿಗೆ ಯಾರಿಗೂ ಗಿಟ್ಟದು. 2017ರ ಜೂನಿನಲ್ಲಿ ಭಾರತ ಮತ್ತು ಅಫ್ಘಾನಿಸ್ತಾನ ವಿಮಾನದ ಸರಕುಸಾಗಣೆ ಆರಂಭಿಸಿದವು. ಕಾಬೂಲಿನಿಂದ ದೆಹಲಿಗೆ ಬಂದ ಮೊದಲ ವಿಮಾನದಲ್ಲಿ ಇದ್ದದ್ದು 60 ಟನ್ ಸರಕು, ಮುಖ್ಯವಾಗಿ ಇಂಗು. ಕತ್ತೆಯ ಬೆನ್ನ ಮೇಲೆ ನಡೆದು ಬರುತ್ತಿದ್ದ ಪದಾರ್ಥ ವಿಮಾನ ಹತ್ತಬೇಕಾಯಿತು. ಒಮ್ಮೆ ಮಾತ್ರ ಈ ಕಟ್ಟು ಸಡಿಲಾದದ್ದು 2022ರಲ್ಲಿ: ಹಸಿದ ಅಫ್ಘನ್ನರಿಗೆ ಭಾರತ ಘೋಷಿಸಿದ 50,000 ಟನ್ ಗೋಧಿಯನ್ನು ಹೊರಲು ಅಫ್ಘನ್ ಲಾರಿಗಳು ವಾಘಾ ಗಡಿಯ ಭಾರತದ ಬದಿಯ ಅಟ್ಟಾರಿಗೆ ಬಂದವು, ಪಾಕಿಸ್ತಾನ ದಾಟಿ ತೋರ್ಖಮ್ ಮೂಲಕ ಜಲಾಲಾಬಾದ್ ಸೇರಿದವು. ಇಚ್ಛೆಯಿದ್ದರೆ ದಾರಿ ಸಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಬೇರೆ ಪುರಾವೆ ನನಗೆ ಬೇಕಿಲ್ಲ.

2025ರ ಅಕ್ಟೋಬರಿನಲ್ಲಿ ಗಡಿಯಲ್ಲಿ ಗುಂಡಿನ ಕಾಳಗ ನಡೆದು ತೋರ್ಖಮ್ ಮತ್ತೆ ಮುಚ್ಚಿತು. ದ್ರಾಕ್ಷಿ, ದಾಳಿಂಬೆಯ ಸುಗ್ಗಿಯ ಕಾಲ ಅದು. ಸಾವಿರಾರು ಲಾರಿಗಳು ಎರಡೂ ಬದಿಯಲ್ಲಿ ಸಾಲುಗಟ್ಟಿದವು, ಪಾಕಿಸ್ತಾನದ ಪೇಟೆಗಳಲ್ಲಿ ಟೊಮೆಟೊ ಬೆಲೆ ಹಲವು ಪಟ್ಟು ಏರಿತು. ಕಾಬೂಲಿನ ವರ್ತಕರು ಇರಾನಿನ ಚಾಬಹಾರ್ ಬಂದರಿನ ಕಡೆಗೂ ಮಧ್ಯ ಏಷ್ಯಾದ ಕಡೆಗೂ ತಿರುಗಿದರು. ದೊಡ್ಡ ವರ್ತಕ ಹೀಗೆ ದಾರಿ ಬದಲಿಸಿಕೊಳ್ಳಬಲ್ಲ. ಬದಲಿಸಿಕೊಳ್ಳಲಾಗದವರು ಲಂಡಿ ಕೋತಲ್‌ನ ಶಿನ್ವಾರಿಗಳು, ಜಮ್ರೂದಿನ ಅಫ್ರೀದಿಗಳು: ಲಾರಿಯಿಂದ ಮೂಟೆ ಇಳಿಸುವ ಹಮಾಲರು, ಟೈರು ತಿದ್ದುವವರು, ದಾರಿಬದಿ ಚಹಾ ಕಾಯಿಸುವವರು. 2018ರಲ್ಲಿ ಅವರ ನಾಡು ಖೈಬರ್ ಪಖ್ತೂನ್‌ಖ್ವಾ ಪ್ರಾಂತ್ಯದಲ್ಲಿ ವಿಲೀನವಾದ ಮೇಲೆ ಹಳೆಯ ಬುಡಕಟ್ಟು ವ್ಯವಸ್ಥೆ ಕೊನೆಗೊಂಡಿತು. ಗೇಟು ತೆರೆಯುವ, ಮುಚ್ಚುವ ತೀರ್ಮಾನವೀಗ ಇಸ್ಲಾಮಾಬಾದಿನಲ್ಲಿ, ಕಾಬೂಲಿನಲ್ಲಿ ಆಗುತ್ತದೆ. ಗೇಟು ಮುಚ್ಚಿದ ದಿನ ಕೂಲಿ ತಪ್ಪುವುದು ಕಣಿವೆಯವರಿಗೆ. ಆ ತೀರ್ಮಾನದ ಮೇಜಿನ ಸುತ್ತ ಅವರಿಗೂ ಒಂದು ಕುರ್ಚಿ ಬೇಕು.